ಕಾಲೇಜು ಪತ್ರಿಕೆಯ ಹಳೇ ಸ್ಟ್ರಿಪ್‌ಗಳು: ಇದ್ದ ಹಾಗೇ ಹಾಕಬೇಕಾ, ಹೊಸದಾಗಿ ಬರೆಯಬೇಕಾ?

ಕಪ್ಪು ಮಸಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಕಾರ್ಟೂನ್ ಬರೆಯುವುದು ನನ್ನ ಕೆಲಸ. ಶುರು ಮಾಡಿದ್ದು ಮಂಗಳೂರಿನ ಒಂದು ಕಾಲೇಜಿನಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ. ನಾವು ವಿದ್ಯಾರ್ಥಿಗಳೇ ಸೇರಿ ತಿಂಗಳಿಗೊಂದು ಪತ್ರಿಕೆ ತರುತ್ತಿದ್ದೆವು. ನಾಲ್ಕೇ ಪುಟ. ಕೊನೆಯ ಪುಟದ ಅಡಿಯಲ್ಲಿ ಅಡ್ಡಕ್ಕೆ ಒಂದು ಪಟ್ಟಿಯಷ್ಟು ಜಾಗ ನನ್ನದು. ಅದರಲ್ಲಿ ನಾಲ್ಕು ಚೌಕದ ಸ್ಟ್ರಿಪ್.

ಈಗ ಅವನ್ನೆಲ್ಲ ಒಟ್ಟು ಮಾಡಿ ಪುಸ್ತಕ ತರುವ ಯೋಚನೆ ಉಂಟು. ಕೆಲವಕ್ಕೆ ಮೂಲ ಚಿತ್ರ ಉಳಿದಿದೆ. ಕೆಲವು ಅಚ್ಚಾದ ಪ್ರತಿಯಲ್ಲಿ ಮಾತ್ರ ಇವೆ. ಕೆಲವು ನನ್ನ ಹತ್ತಿರ ಇಲ್ಲವೇ ಇಲ್ಲ. ನಾನು ಕೇಳುವುದು ಇಷ್ಟೆ: ಇದ್ದ ಹಾಗೇ ಹಾಕುವುದಾ, ಈಗಿನ ಕೈಯಲ್ಲಿ ಹೊಸದಾಗಿ ಬರೆದು ಹಾಕುವುದಾ? ಗೆಳೆಯರು ಎರಡೂ ಕಡೆ ಇದ್ದಾರೆ. ನನ್ನ ಮನಸ್ಸು ಇದ್ದ ಹಾಗೇ ಹಾಕುವ ಕಡೆ ಉಂಟು. ಯಾಕೆ ಅಂತ ಹೇಳಿಬಿಡುತ್ತೇನೆ, ಆಮೇಲೆ ನೀವು ಹೇಳಿ.

ಆ ಸ್ಟ್ರಿಪ್ ಪೂರ್ತಿ ನಡೆಯುತ್ತಿದ್ದದ್ದು ಬಸ್ಸಿನೊಳಗೆ. ನಮ್ಮಲ್ಲಿ ಹಾಸ್ಟೆಲಿನವರು ಕಡಿಮೆ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ಕಡೆಯಿಂದ ದಿನಾ ಬಂದು ಹೋಗುವವರೇ ಜಾಸ್ತಿ. ಆಗ ಕೊಂಕಣ ರೈಲು ಇರಲಿಲ್ಲ. ಈಗಿನ 66ನೇ ಹೆದ್ದಾರಿಗೆ 17 ಅಂತ ನಂಬರ್ ಇತ್ತು. ಪ್ರೈವೇಟ್ ಬಸ್ಸೇ ಗತಿ. ಕ್ಲಾಸಿನಲ್ಲಿ ಮಾತಾಡದವರು ಬಸ್ಸಿನಲ್ಲಿ ಮಾತಾಡುತ್ತಿದ್ದರು. ನೋಟ್ಸ್ ಕೊಟ್ಟು ತೆಗೆದುಕೊಳ್ಳುವುದು, ಜಗಳ, ಲವ್ವು, ಪರೀಕ್ಷೆಯ ಹೆದರಿಕೆ, ಎಲ್ಲ ಅಲ್ಲೇ. ಹಾಗಾಗಿ ಕಾಲೇಜಿನ ಸ್ಟ್ರಿಪ್ಪಿಗೆ ಕಾಲೇಜಿನ ಕಟ್ಟಡವೇ ಬೇಕಾಗಲಿಲ್ಲ.

ಮೊದಲಿಗೆ ಇಬ್ಬರೇ ಪಾತ್ರ. ಯಾವಾಗಲೂ ಕೊಡೆ ಹಿಡಿದ ಒಬ್ಬ ಹುಡುಗ, ಮತ್ತೆ ಒಬ್ಬರು ಕಂಡಕ್ಟರ್. ನಾನು ಹೆಸರು ಇಟ್ಟಿರಲಿಲ್ಲ. ಓದುವವರೇ ಹುಡುಗನನ್ನು ‘ಕೊಡೆ’ ಅಂತ ಕರೆಯಲು ಶುರು ಮಾಡಿದರು. ಅದೇ ಉಳಿಯಿತು.

ಒಂದು ಸ್ಟ್ರಿಪ್ ಹೇಳುತ್ತೇನೆ. ಮೊದಲ ಚೌಕದಲ್ಲಿ ಜೋರು ಮಳೆ. ಕೊಡೆ ಹಿಂದಿನ ಬಾಗಿಲಿನಿಂದ ಹತ್ತುತ್ತಾನೆ. ಕಂಡಕ್ಟರ್ ತುಳುವಿನಲ್ಲಿ “ಒಂತೆ ದುಂಬು ಪೋಲೆ” ಅನ್ನುತ್ತಾರೆ, ಸ್ವಲ್ಪ ಮುಂದೆ ಹೋಗಿ ಅಂತ. ಎರಡನೇ ಚೌಕ, ಬಸ್ಸಿನ ನಡು. ಮತ್ತೆ “ದುಂಬು ಪೋಲೆ”. ಮೂರನೆಯದು, ಡ್ರೈವರ್ ಸೀಟಿನ ಹತ್ತಿರ. ಇನ್ನೂ “ದುಂಬು ಪೋಲೆ”. ನಾಲ್ಕನೆಯದರಲ್ಲಿ ಅವನು ಮುಂದಿನ ಬಾಗಿಲಿನಿಂದ ರಸ್ತೆಗೆ ಇಳಿದು ನಿಂತಿದ್ದಾನೆ. ಬಸ್ಸಿನ ಮುಂಭಾಗ ಮಾತ್ರ ಕಾಣುತ್ತದೆ. ಮಾತಿನ ಗುಳ್ಳೆಯೊಳಗೆ “ರೈಟ್, ಪೋಯಿ!”, ಹೋಗುವ ಅಂತ.

ಇದು ಅಚ್ಚಾದ ಮೇಲೆ ಯಾರೋ ನಮ್ಮ ಬಸ್ಸಿನ ಕಂಡಕ್ಟರಿಗೇ ತೋರಿಸಿದರು. ಅವರು ಓದಿ ನಕ್ಕರು. ಆಮೇಲೆ ನನ್ನನ್ನು ಹುಡುಕಿಕೊಂಡು ಬಂದು, “ನಮ್ಮದು ಬರೆದಿರಿ, ಸರಿ. ಬೆಳಿಗ್ಗೆ ಬೆಳಿಗ್ಗೆ ನೂರರ ನೋಟು ಹಿಡಿದು ಬರ್ತೀರಲ್ಲ, ಅದನ್ನೂ ಬರೆಯಿರಿ” ಅಂದರು. ಮುಂದಿನ ತಿಂಗಳು ಅದೇ ಬಂತು. ಇಡೀ ಬಸ್ಸಿನಲ್ಲಿ ಎಲ್ಲರ ಕೈಯಲ್ಲೂ ನೂರರ ನೋಟು. ಕಂಡಕ್ಟರ್ ನಡುವೆ ನಿಂತು “ಚಿಲ್ಲರೆ ಉಂಡಾ?” ಅಂತ ಕೇಳುತ್ತಾರೆ.

ಇನ್ನೊಂದು ಸಲ ಜೂನಿಯರ್ ಹುಡುಗಿಯೊಬ್ಬಳು ಕ್ಯಾಂಟೀನಿನಲ್ಲಿ ನಿಲ್ಲಿಸಿ ಕೇಳಿದಳು: “ನಿಮ್ಮ ಬಸ್ಸಲ್ಲಿ ಹುಡುಗಿಯರೇ ಇಲ್ವಲ್ಲ. ನಾವೆಲ್ಲ ನಡೆದುಕೊಂಡು ಬರ್ತೇವಾ?” ಆ ವಾರವೇ ಮೂರನೇ ಪಾತ್ರ ಹುಟ್ಟಿತು. ನಮ್ಮ ಕಡೆ ಸೀಟು ಸಿಕ್ಕಿದವರು ನಿಂತವರ ಬ್ಯಾಗು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಳ್ಳುವ ಕ್ರಮ ಉಂಟಲ್ಲ? ಅದೇ. ಮಡಿಲ ತುಂಬ ಬ್ಯಾಗು, ಬ್ಯಾಗುಗಳ ಮೇಲೆ ಎರಡು ಕಣ್ಣು, ಒಂದು ಜಡೆ. ಅಷ್ಟೇ ಕಾಣುವುದು. ಆದರೆ ಬಸ್ಸಿನಲ್ಲಿ ನಡೆಯುವುದೆಲ್ಲ ಅವಳಿಗೆ ಗೊತ್ತು. ಕೊನೆಯ ಮಾತು ಯಾವಾಗಲೂ ಅವಳದ್ದೇ. ಆ ಸ್ಟ್ರಿಪ್‌ಗಳಲ್ಲಿ ನನಗೆ ತುಂಬ ಇಷ್ಟದ ಪಾತ್ರ ಅದು.

ಅಂದರೆ ಇವು ನಾನೊಬ್ಬನೇ ಬರೆದವಲ್ಲ. ಪತ್ರಿಕೆ ಓದಿದವರು ಮರುದಿನ ಎದುರಿಗೆ ಸಿಗುತ್ತಿದ್ದರು. ಸಿಕ್ಕಿದವರು ಏನಾದರೂ ಹೇಳುತ್ತಿದ್ದರು. ಅದು ಮುಂದಿನ ಸ್ಟ್ರಿಪ್ಪಿಗೆ ಹೋಗುತ್ತಿತ್ತು. ಈಗ ಕುಳಿತು ಚಂದ ಮಾಡಿ ಬರೆದರೆ ಅವು ನನ್ನೊಬ್ಬನ ಚಿತ್ರಗಳಾಗುತ್ತವೆ. ಇದು ನನ್ನ ಅಳುಕು.

ಹೊಸ ಗೆರೆ, ಮಣಿಪಾಲ

ಸರ್, ನಾನು ನಿಮ್ಮ ಮಾತಿಗೆ ವಿರುದ್ಧ ಹೇಳುತ್ತೇನೆ, ಬೇಸರ ಮಾಡಬೇಡಿ. ನಾನೂ ಚಿತ್ರ ಬಿಡಿಸುತ್ತೇನೆ, ಆದರೆ ಟ್ಯಾಬ್ಲೆಟ್ಟಿನಲ್ಲಿ.

ಈಗ ಓದುವವರು ಮೊಬೈಲಿನಲ್ಲಿ ಓದುತ್ತಾರೆ. ಅಡ್ಡಕ್ಕೆ ನಾಲ್ಕು ಚೌಕ ಹಾಕಿದರೆ ಒಂದೊಂದು ಚೌಕ ಉಗುರಿನಷ್ಟು ಕಾಣುತ್ತದೆ. ಅಕ್ಷರ ಓದಲಿಕ್ಕೇ ಆಗುವುದಿಲ್ಲ. ಒಂದರ ಕೆಳಗೆ ಒಂದು ಬರಬೇಕು. ಅಕ್ಷರಗಳನ್ನಾದರೂ ಫಾಂಟಿನಲ್ಲಿ ಹಾಕಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಥೆ ಇಷ್ಟು ಚಂದ ಇರುವಾಗ ಹೊಸ ಹುಡುಗರಿಗೆ ತಲುಪದೆ ಹೋದರೆ ನಷ್ಟ ಅಲ್ವಾ?

ಮತ್ತೆ ಹೊಸದಾಗಿ ಬರೆಯುವುದು ಹಳೆಯದಕ್ಕೆ ಅವಮಾನ ಏನೂ ಅಲ್ಲ. ಅಮೆರಿಕದ ಕಾರ್ಟೂನಿಸ್ಟ್ ಗ್ಯಾರಿ ಟ್ರೂಡೊ 1968ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಗೆ ‘ಬುಲ್ ಟೇಲ್ಸ್’ ಅನ್ನುವ ಸ್ಟ್ರಿಪ್ ಬರೆಯುತ್ತಿದ್ದರು. 1970ರ ಅಕ್ಟೋಬರಿನಲ್ಲಿ ಅದೇ ‘ಡೂನ್ಸ್‌ಬರಿ’ ಅಂತ ದೊಡ್ಡ ಪತ್ರಿಕೆಗಳಿಗೆ ಹೋಯಿತು. ಶುರುವಿನ ಎಷ್ಟೋ ಸ್ಟ್ರಿಪ್‌ಗಳು ಕಾಲೇಜಿನವನ್ನೇ ತಿದ್ದಿ ಬರೆದವು. ಜೆಫ್ ಸ್ಮಿತ್ ಅವರೂ ಹಾಗೆಯೇ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ‘ಲ್ಯಾಂಟರ್ನ್’ ಪತ್ರಿಕೆಗೆ 1982ರಿಂದ ‘ಥಾರ್ನ್’ ಬರೆದರು. ಅದೇ ಪಾತ್ರಗಳನ್ನು ಇಟ್ಟುಕೊಂಡು 1991ರಲ್ಲಿ ‘ಬೋನ್’ ಕಾಮಿಕ್ಸ್ ಶುರು ಮಾಡಿದರು. ಅವರು ತಿದ್ದಿ ಬರೆದದ್ದಕ್ಕೇ ಅಲ್ವಾ ಜಗತ್ತಿಗೆ ಗೊತ್ತಾದದ್ದು?

ಹಳೇ ಪ್ರೆಸ್ಸಿನವ, ಉಡುಪಿ

ನಾನು ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿ ಕೆಲಸ ಕಲಿತವನು. ಆಮೇಲೆ ಮೊಳೆ ಇಲ್ಲದೆ ಫಿಲ್ಮು, ಪ್ಲೇಟಿನಿಂದ ಅಚ್ಚು ಹಾಕುವ ಆಫ್‌ಸೆಟ್ಟೂ ಮಾಡಿದೆ. ಕಪ್ಪು ಮಸಿಯವರೇ, ನಿಮ್ಮ ಪತ್ರಿಕೆ ಯಾವುದರಲ್ಲಿ ಅಚ್ಚಾಗುತ್ತಿತ್ತು? ಮೊಳೆಯಲ್ಲಾ, ಆಫ್‌ಸೆಟ್ಟಲ್ಲಾ? ಯಾಕೆ ಕೇಳುತ್ತೇನೆ ಅಂದರೆ, ಆ ಕಾಲದ ಗೆರೆ ಹಾಗೆ ಇರಲಿಕ್ಕೆ ಕಾರಣ ಬರೆದವರ ಕೈ ಒಂದೇ ಅಲ್ಲ.

ಮೊಳೆಯ ಅಚ್ಚಿನಲ್ಲಿ ಚಿತ್ರ ಬರಬೇಕಾದರೆ ಬ್ಲಾಕ್ ಮಾಡಿಸಬೇಕಿತ್ತು. ಚಿತ್ರವನ್ನು ದೊಡ್ಡ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಾರೆ. ಆ ನೆಗೆಟಿವ್ ಇಟ್ಟು ಸತುವಿನ ತಗಡಿನ ಮೇಲೆ ಬೆಳಕು ಬಿಡುತ್ತಾರೆ. ಆಮೇಲೆ ತಗಡನ್ನು ಆಸಿಡ್ಡಿಗೆ ಹಾಕುತ್ತಾರೆ. ಗೆರೆ ಇದ್ದ ಜಾಗ ಉಳಿಯುತ್ತದೆ, ಉಳಿದದ್ದನ್ನು ಆಸಿಡ್ ತಿನ್ನುತ್ತದೆ. ಆ ತಗಡನ್ನು ಮರದ ತುಂಡಿಗೆ ಹೊಡೆದು ಮೊಳೆಯ ಎತ್ತರಕ್ಕೆ ಸಮ ಮಾಡಿದರೆ ಬ್ಲಾಕ್ ರೆಡಿ. ಇದರಲ್ಲಿ ಸಪೂರ ಗೆರೆ ಇದ್ದರೆ ಆಸಿಡ್ ಅದನ್ನೂ ತಿಂದುಬಿಡುತ್ತದೆ. ಗೆರೆಗಳು ಒತ್ತೊತ್ತಾಗಿ ಇದ್ದರೆ ಮಧ್ಯೆ ಮಸಿ ತುಂಬಿ ಕಪ್ಪು ಗುಡ್ಡೆ ಆಗುತ್ತದೆ. ಬೂದು ಬಣ್ಣ ಬೇಕಾದರೆ ಚುಕ್ಕಿಯ ಬ್ಲಾಕ್ ಬೇರೆ ಮಾಡಿಸಬೇಕು, ಅದು ದುಬಾರಿ. ಬ್ಲಾಕಿನ ರೇಟು ಅಳತೆಯ ಮೇಲೆ. ಚಿತ್ರ ದೊಡ್ಡದಾದಷ್ಟೂ ಹಣ ಜಾಸ್ತಿ.

ಆದ್ದರಿಂದ ಕಾಲೇಜು ಪತ್ರಿಕೆಯ ಕಾರ್ಟೂನ್ ಅಂದರೆ ದಪ್ಪ ಗೆರೆ, ಕಮ್ಮಿ ಗೆರೆ, ಚಿಕ್ಕ ಜಾಗ. ಅದು ಪ್ರೆಸ್ಸಿನ ಲೆಕ್ಕ. ಈಗ ತಿದ್ದಿ ಬರೆದರೆ ಆ ಲೆಕ್ಕವೇ ಅಳಿಸಿ ಹೋಗುತ್ತದೆ.

ಕಪ್ಪು ಮಸಿ, ಮಂಗಳೂರು

ಪ್ರೆಸ್ಸಿನವರೇ, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಮೊದಲ ವರ್ಷ ಮೊಳೆ, ಬ್ಲಾಕ್. ಆಮೇಲೆ ಆಫ್‌ಸೆಟ್. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಯಾರಿಗೂ ಗೊತ್ತಾಗುತ್ತದೆ. ಮೊದಲ ವರ್ಷ ಕೊಡೆಯ ಬಟ್ಟೆ ಪೂರ್ತಿ ಕಪ್ಪು, ಕಡ್ಡಿಗಳೇ ಇಲ್ಲ. ಮಳೆ ಅಂದರೆ ಒಂದು ಚೌಕಕ್ಕೆ ಐದಾರು ಓರೆ ಗೆರೆ, ಅಷ್ಟೆ. ಆಫ್‌ಸೆಟ್ಟಿಗೆ ಹೋದ ಮೇಲೆ ಕೊಡೆಗೆ ಕಡ್ಡಿ ಬಂತು, ಕಿಟಕಿಯ ಟರ್ಪಾಲಿಗೆ ಮಡಿಕೆ ಬಂತು, ಮಳೆ ದಟ್ಟ ಆಯಿತು.

ನಾನು ಅಚ್ಚಿನ ಅಳತೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗಿ ಬರೆಯುತ್ತಿದ್ದೆ. ಕುಗ್ಗಿದಾಗ ನಡುಗಿದ ಗೆರೆಯೂ ನೇರ ಕಾಣುತ್ತದೆ. ಆದರೆ ಅಕ್ಷರವೂ ಕುಗ್ಗುತ್ತದಲ್ಲ? ಅದನ್ನು ಲೆಕ್ಕ ಹಾಕಿ ದೊಡ್ಡದಾಗಿ ಬರೆಯಬೇಕು. ಮೊದಲ ಕರಡು ಗೆರೆಗೆ ತಿಳಿ ನೀಲಿ ಪೆನ್ಸಿಲ್. ಪ್ರೆಸ್ಸಿನ ಕ್ಯಾಮೆರಾದ ಫಿಲ್ಮಿಗೆ ಆ ನೀಲಿ ಬಿಳಿಯ ಹಾಗೆಯೇ ಕಾಣುತ್ತದೆ, ಉಜ್ಜುವ ಕೆಲಸ ಇಲ್ಲ. ಮೂಲ ಚಿತ್ರಗಳಲ್ಲಿ ಆ ನೀಲಿ ಗೆರೆ ಇನ್ನೂ ಉಂಟು. ಹುಡುಗನ ತಲೆ ಮೊದಲು ಎಲ್ಲಿ ಇತ್ತು, ಆಮೇಲೆ ಎಲ್ಲಿಗೆ ಹೋಯಿತು ಅಂತ ಅದರಲ್ಲಿ ಕಾಣುತ್ತದೆ.

ಮಳೆಗಾಲ ಮಾತ್ರ ದೊಡ್ಡ ಪರೀಕ್ಷೆ. ಮಂಗಳೂರಿನ ಮಳೆ ನಿಮಗೆ ಗೊತ್ತು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುತ್ತದೆ. ಕಾಗದ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ನಿಬ್ಬು ಇಟ್ಟ ಕೂಡಲೇ ಇಂಡಿಯನ್ ಇಂಕ್ ಎರಡೂ ಬದಿಗೆ ಹಬ್ಬುತ್ತದೆ. ಬರೆಯುವ ಮೊದಲು ಹಾಳೆಯನ್ನು ಟೇಬಲ್ ಲ್ಯಾಂಪಿನ ಅಡಿಯಲ್ಲಿ ಇಟ್ಟು ಬಿಸಿ ಮಾಡುವುದು, ಬರೆದ ಮೇಲೆ ಪುನಃ ಅಲ್ಲೇ ಒಣಗಿಸುವುದು. ಜುಲೈ ತಿಂಗಳ ಸ್ಟ್ರಿಪ್‌ಗಳಲ್ಲಿ ಗೆರೆಯ ಅಂಚು ಸ್ವಲ್ಪ ಹರಡಿದೆ. ನನಗೆ ಅದು ತುಂಬ ಪ್ರೀತಿ. ಸ್ಟ್ರಿಪ್ಪಿನ ಒಳಗೂ ಮಳೆ, ಹೊರಗೂ ಮಳೆ.

ಹೊಸ ಗೆರೆಯವರೇ, ಬೇಸರ ಏನೂ ಇಲ್ಲ. ನಿಮ್ಮ ಮಾತಿನಲ್ಲಿ ಸತ್ಯ ಉಂಟು. ಟ್ರೂಡೊ, ಸ್ಮಿತ್ ಇಬ್ಬರೂ ತಿದ್ದಿ ಬರೆದದ್ದು ಹೌದು. ಆದರೆ ಅವರು ಪಾತ್ರಗಳನ್ನು ಎತ್ತಿಕೊಂಡು ಮುಂದೆ ಹೋದರು. ದೊಡ್ಡ ಊರಿನ ಓದುಗರಿಗೆ, ದೊಡ್ಡ ಕಥೆಗೆ. ನಾನು ಕೊಡೆಯನ್ನು ಈಗ ಹೊಸ ಕಥೆಗೆ ತರುವುದಾದರೆ ಖಂಡಿತ ಹೊಸದಾಗಿಯೇ ಬರೆಯುತ್ತೇನೆ. ಇಲ್ಲಿ ಆಗಬೇಕಾದದ್ದು ಬೇರೆ. ಆಗ ಬಂದದ್ದನ್ನು ಈಗಿನವರಿಗೆ ತೋರಿಸುವುದು.

ಇನ್ನು ಅಕ್ಷರದ ವಿಷಯ. ಅದಕ್ಕೆ ನನ್ನ ಒಪ್ಪಿಗೆ ಇಲ್ಲವೇ ಇಲ್ಲ. ಕನ್ನಡದಲ್ಲಿ ಗುಳ್ಳೆ ತುಂಬುವುದು ಬೇರೆಯೇ ಒಂದು ಕೆಲಸ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಎರಡು ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆ. ಹಾಗಾಗಿ ಗುಳ್ಳೆ ಎತ್ತರ ಆಗುತ್ತದೆ, ಪಾತ್ರ ಕೆಳಗೆ ಇಳಿಯುತ್ತದೆ. ನಾನು ಮೊದಲು ಮಾತು ಬರೆದು, ಅದರ ಸುತ್ತ ಗುಳ್ಳೆ ಎಳೆದು, ಉಳಿದ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸುತ್ತಿದ್ದೆ. ಬ್ಯಾಗಿನ ಹುಡುಗಿ ಕೆಳಗೆ ಕುಳಿತೇ ಇದ್ದಳಾದ್ದರಿಂದ ಅವಳಿಗೆ ಉದ್ದದ ಮಾತು ಕೊಡಲು ಆಗುತ್ತಿತ್ತು. ಅವಳು ಜಾಸ್ತಿ ಮಾತಾಡುವವಳಾದದ್ದಕ್ಕೆ ಇದೂ ಒಂದು ಕಾರಣ. ಈಗ ಫಾಂಟ್ ಹಾಕಿದರೆ ಗುಳ್ಳೆಯ ಆಕಾರಕ್ಕೆ ಅರ್ಥವೇ ಇರುವುದಿಲ್ಲ.

ಮಂಗಳೂರಿನಲ್ಲಿ ಕೂತು ಕೈಬರಹ ಬೇಡ ಅನ್ನಲಿಕ್ಕೆ ನನಗೆ ಮನಸ್ಸೂ ಬರುವುದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಇಲ್ಲೇ ಹೊರಟದ್ದು. ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ತಂದದ್ದು. ಅದು ಕಲ್ಲಚ್ಚಿನದು. ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನಿಂದ ಕಾಗದಕ್ಕೆ ಬಂದದ್ದು. ನಾವು ಪತ್ರಿಕಾ ದಿನ ಮಾಡುವುದು ಅದೇ ದಿನ.

ಘಟ್ಟದ ಮೇಲಿನವ

ನಾನು ಚಿತ್ರದುರ್ಗದ ಕಡೆಯವನು. ಓದಲು ಮಂಗಳೂರಿಗೆ ಬಂದಿದ್ದೆ. ನೀವು ಹೇಳುವ ಪತ್ರಿಕೆ ನಾನು ಓದಿದ್ದೇನೆ ಅಂತ ಈಗ ಗ್ಯಾರಂಟಿ ಆಯಿತು. ದುಂಬು ಪೋಲೆ ಸ್ಟ್ರಿಪ್ ನನ್ನ ರೂಮಿನ ಗೋಡೆಗೆ ಅಂಟಿಸಿದ್ದೆ!

ನನಗೆ ತುಳು ಒಂದಕ್ಷರ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಏನೋ ಹೇಳುತ್ತಾರೆ, ನಾನು ನಿಂತಲ್ಲೇ ನಿಲ್ಲುತ್ತೇನೆ, ಹಿಂದಿನವರು ತಳ್ಳುತ್ತಾರೆ. ಆ ಸ್ಟ್ರಿಪ್ ಓದಿದ ದಿನ ಅರ್ಥ ಆಯಿತು, ಓ, ಮುಂದೆ ಹೋಗು ಅಂತ ಹೇಳುತ್ತಿದ್ದಾರೆ ಅಂತ. ಚಿತ್ರ ಇತ್ತಲ್ಲ, ಅರ್ಥ ಹೇಳಿಕೊಡುವವರು ಬೇಕಾಗಲಿಲ್ಲ. ಆಮೇಲೆ ಒಂದೊಂದೇ ಕಲಿತೆ. ಈಗ ನನ್ನ ಹೆಂಡತಿ ಸುರತ್ಕಲ್‌ನವಳು. ಮನೆಯಲ್ಲಿ ತುಳುವೇ ಓಡುವುದು.

ದಯವಿಟ್ಟು ತುಳು ಮಾತನ್ನು ಕನ್ನಡ ಮಾಡಬೇಡಿ. ಪುಸ್ತಕದ ಕೊನೆಯಲ್ಲಿ ಅರ್ಥ ಕೊಡಿ, ಸಾಕು.

ಬಡಗಿನವ, ಕುಂದಾಪುರ

ಹ್ವಾಯ್, ನಮ್ಮ ಕಡೆಯವರಿಗೂ ಒಂದು ಜಾಗ ಇತ್ತಾ ಆ ಬಸ್ಸಲ್ಲಿ? ಉಡುಪಿಯಿಂದ ಆಚೆ ಹೋದರೆ ಭಾಷೆಯೇ ಬದಲಾಗುತ್ತದೆ ಅಂತ ನಿಮಗೂ ಗೊತ್ತುಂಟಲ್ಲ.

ತಮಾಷೆಗೆ ಕೇಳಿದ್ದಲ್ಲ. ಈ ಕರಾವಳಿಯಲ್ಲಿ ಕಾರ್ಟೂನಿಸ್ಟರು ಇಷ್ಟು ಜನ ಹೇಗೆ ಬಂದರು ಅಂತ ನಾನು ಯಾವಾಗಲೂ ಯೋಚಿಸುತ್ತೇನೆ. ಸತೀಶ್ ಆಚಾರ್ಯ ಕುಂದಾಪುರದವರು. ಪಂಜು ಗಂಗೊಳ್ಳಿ ಗಂಗೊಳ್ಳಿಯವರು. ಕುಂದಾಪ್ರ ಕನ್ನಡದ ನಿಘಂಟಿಗೆ ವರ್ಷಗಟ್ಟಲೆ ದುಡಿದವರೂ ಅವರೇ. ಗೆರೆ ಎಳೆಯುವವರೇ ಪದ ಹೆಕ್ಕುವ ಕೆಲಸವನ್ನೂ ಮಾಡಿದರು ನೋಡಿ. ನಮ್ಮಲ್ಲಿ ಕಾರ್ಟೂನು ಹಬ್ಬ ಆಗುವಾಗ ಶಾಲೆಯ ಮಕ್ಕಳು ನೆಲದ ಮೇಲೆ ಕೂತು ಬರೆಯುತ್ತಾರೆ, ಅದನ್ನು ನೋಡಲಿಕ್ಕೇ ನಾನು ಹೋಗುತ್ತೇನೆ.

ನನಗೆ ಅನಿಸುವುದು, ಇಲ್ಲಿ ಒಂದೇ ಬಸ್ಸಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಎಲ್ಲ ಕೇಳುತ್ತದೆ. ಕಿವಿ ತೆರೆದಿಟ್ಟವರಿಗೆ ಸ್ಟ್ರಿಪ್ ಬರೆಯಲು ಬೇರೆ ಶಾಲೆ ಬೇಡ.

ಕಪ್ಪು ಮಸಿ, ಮಂಗಳೂರು

ಘಟ್ಟದವರೇ, ಗೋಡೆಗೆ ಅಂಟಿಸಿದ್ದೀರಿ ಅಂತ ಓದಿ ಎಷ್ಟು ಸಂತೋಷ ಆಯಿತು ಅಂತ ಹೇಳಲಿಕ್ಕೆ ಆಗುವುದಿಲ್ಲ. ತುಳು ತುಳುವಾಗಿಯೇ ಇರುತ್ತದೆ. ಅರ್ಥ ಕೊನೆಯಲ್ಲಿ. ಅದು ತೀರ್ಮಾನ ಆಯಿತು ಅಂತಲೇ ತಿಳಿಯಿರಿ.

ಬಡಗಿನವರೇ, ಜಾಗ ಇತ್ತು. ಬೈಂದೂರು ಕಡೆಯ ಅಜ್ಜಿಯೊಬ್ಬರು, ಮೀನಿನ ಬುಟ್ಟಿ ಹಿಡಿದು ಬರುವವರು, ಮೂರ್ನಾಲ್ಕು ಸ್ಟ್ರಿಪ್ಪಿನಲ್ಲಿ ಬಂದಿದ್ದಾರೆ. ಅವರ ಮಾತನ್ನು ನಮ್ಮ ಕ್ಲಾಸಿನ ಕುಂದಾಪುರದ ಹುಡುಗ ಬರೆದು ಕೊಡುತ್ತಿದ್ದ. ನಾನು ಬರೆದದ್ದನ್ನು ಓದಿ, “ನಮ್ಮ ಅಜ್ಜಿ ಹೀಗೆ ಮಾತಾಡಿದರೆ ನಾವು ಡಾಕ್ಟರ ಹತ್ತಿರ ಕರಕೊಂಡು ಹೋಗ್ತೇವೆ” ಅನ್ನುತ್ತಿದ್ದ. ಆಮೇಲೆ ಪೂರ್ತಿ ಅವನಿಗೇ ಬಿಟ್ಟೆ. ಪುಸ್ತಕದಲ್ಲಿ ಆ ಮಾತುಗಳು ಅವನವು ಅಂತ ಹಾಕಬೇಕು. ಅವನನ್ನು ಕೇಳಿಯೇ ಹಾಕುತ್ತೇನೆ.

ಜರ್ನಲಿಸಂ ಮೇಡಂ, ಉಡುಪಿ

ನಾನು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಹೇಳಿಕೊಡುತ್ತೇನೆ. ನಮ್ಮಲ್ಲಿಯೂ ಮಕ್ಕಳ ಪ್ರಾಯೋಗಿಕ ಪತ್ರಿಕೆ ಉಂಟು, ಭಿತ್ತಿಪತ್ರಿಕೆಯೂ ಉಂಟು. ಎರಡು ಮಾತು ಹೇಳಬೇಕು ಅನಿಸಿತು.

ಮೊದಲನೆಯದು, ಮಕ್ಕಳಿಗೆ ತೋರಿಸಲು ನನಗೆ ಬೇಕಾದದ್ದು ಇಂಥದ್ದೇ. ದೊಡ್ಡ ಕಾರ್ಟೂನಿಸ್ಟರ ಚಂದದ ಪುಸ್ತಕಗಳು ಲೈಬ್ರರಿಯಲ್ಲಿ ಇವೆ. ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನಲ್ಲಿ ಓದುವಾಗಲೇ ಬರೆಯುತ್ತಿದ್ದರು, ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಬರೆದರು ಅಂತ ಪಾಠ ಮಾಡುತ್ತೇನೆ. ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಆದರೆ ಅವರ ಕಣ್ಣಿಗೆ ಲಕ್ಷ್ಮಣ್ ಅಂದರೆ ಹುಟ್ಟಿದಾಗಲೇ ಲಕ್ಷ್ಮಣ್. ಹತ್ತೊಂಬತ್ತರ ಹುಡುಗನೊಬ್ಬ ತನ್ನ ಬಸ್ಸಿನ ಬಗ್ಗೆ ಬರೆದದ್ದು, ಅದೂ ನೀಲಿ ಪೆನ್ಸಿಲಿನ ಗೆರೆ ಸಮೇತ ನೋಡಿದರೆ, ನಾನೂ ಬರೆಯಬಹುದು ಅಂತ ಅನಿಸುತ್ತದೆ. ಅದನ್ನು ತಿದ್ದಿ ನುಣುಪು ಮಾಡಿದರೆ ನನ್ನ ಮಕ್ಕಳಿಗೆ ಉಪಯೋಗ ಇಲ್ಲ.

ಎರಡನೆಯದು, ಕಾಲೇಜು ಸ್ಟ್ರಿಪ್ ಅಂದರೆ ನಿಜವಾದ ಮನುಷ್ಯರೂ ಇರುತ್ತಾರೆ. ಮೇಷ್ಟ್ರು, ಕ್ಯಾಂಟೀನಿನವರು, ವಾಚ್‌ಮನ್. ಆಗ ಇನ್ನೂರು ಮುನ್ನೂರು ಪ್ರತಿ, ಕ್ಯಾಂಪಸ್ಸಿನ ಒಳಗೆ. ಈಗ ಪುಸ್ತಕ ಆದರೆ ಊರೆಲ್ಲ ನೋಡುತ್ತದೆ, ಫೋಟೋ ತೆಗೆದು ವಾಟ್ಸಾಪಿಗೂ ಹಾಕುತ್ತಾರೆ. ಗುರುತು ಸಿಗುವ ಹಾಗೆ ಇದ್ದರೆ ಅವರನ್ನೋ ಮನೆಯವರನ್ನೋ ಕೇಳಿ. ಇದ್ದ ಹಾಗೇ ಹಾಕುವುದು ಅಂದರೆ ಇದ್ದದ್ದನ್ನೆಲ್ಲ ಹಾಕುವುದು ಅಂತ ಆಗಬೇಕಾಗಿಲ್ಲ.

ಕಪ್ಪು ಕೋಟು, ಮಂಗಳೂರು

ಮೇಡಂ ಹೇಳಿದ್ದಕ್ಕೆ ಸೇರಿಸಿ ಇನ್ನೊಂದು. ಈ ಚಿತ್ರಗಳ ಹಕ್ಕು ಯಾರದ್ದು ಅಂತ ಯಾರೂ ಕೇಳಲಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ಪತ್ರಿಕೆಯಲ್ಲಿ ಸಂಬಳಕ್ಕೆ ಇದ್ದು ಬರೆದರೆ ಲೆಕ್ಕ ಬೇರೆ. ನೀವು ವಿದ್ಯಾರ್ಥಿ, ಸಂಬಳ ಇಲ್ಲ, ಬರೆದು ಕೊಟ್ಟ ಕರಾರು ಇಲ್ಲ ಅಂತ ಇಟ್ಟುಕೊಂಡರೆ ಹಕ್ಕು ನಿಮ್ಮದೇ. ಆದರೂ ಕಾಲೇಜಿಗೆ ಒಂದು ಪತ್ರ ಬರೆಯಿರಿ. ಅವರ ಲೈಬ್ರರಿಯಲ್ಲಿ ಹಳೇ ಸಂಚಿಕೆ ಇದ್ದರೆ ಸ್ಕ್ಯಾನ್ ಮಾಡಲು ಬಿಡಬೇಕಲ್ಲ, ಅದಕ್ಕಾದರೂ ಬೇಕು. ಅಜ್ಜಿಯ ಮಾತು ಬರೆದ ಗೆಳೆಯರ ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ. ಗೆಳೆತನ ಎಷ್ಟೇ ಇರಲಿ, ಕಾಗದ ಇದ್ದರೆ ಇಬ್ಬರಿಗೂ ನೆಮ್ಮದಿ.

ಹೊಸ ಗೆರೆ, ಮಣಿಪಾಲ

ಇಷ್ಟೆಲ್ಲ ಓದಿದ ಮೇಲೆ ಫಾಂಟಿನ ಮಾತು ನಾನು ವಾಪಸ್ ತೆಗೆದುಕೊಂಡೆ. ಗುಳ್ಳೆಯ ಆಕಾರದ ವಿಷಯ ನನಗೆ ಹೊಳೆದೇ ಇರಲಿಲ್ಲ. ನಾವು ಗುಳ್ಳೆ ಮೊದಲು ಹಾಕಿ ಆಮೇಲೆ ಮಾತು ತುಂಬುತ್ತೇವೆ.

ಆದರೆ ಮೊಬೈಲಿನ ಮಾತು ಹಾಗೇ ಉಂಟು. ಚೌಕಗಳನ್ನು ಮುಟ್ಟದೆ, ಒಂದೊಂದನ್ನೇ ಕತ್ತರಿಸಿ ಕೆಳಗೆ ಕೆಳಗೆ ಜೋಡಿಸಬಹುದು. ಚಿತ್ರ ನಿಮ್ಮದೇ, ಜೋಡಣೆ ಮಾತ್ರ ಬೇರೆ. ಪುಸ್ತಕದಲ್ಲಿ ಅಡ್ಡಕ್ಕೆ, ಮೊಬೈಲಿನಲ್ಲಿ ಉದ್ದಕ್ಕೆ. ಕೆಲಸ ನಾನು ಮಾಡಿಕೊಡುತ್ತೇನೆ.

ದುಂಬು ಪೋಲೆಗೆ ಮಾತ್ರ ಅದು ಆಗುವುದಿಲ್ಲ. ಅದರಲ್ಲಿ ನಾಲ್ಕೂ ಚೌಕ ಸೇರಿದರೆ ಒಂದೇ ಬಸ್ಸು ಅಲ್ವಾ? ಹಿಂದಿನ ಬಾಗಿಲು, ನಡು, ಡ್ರೈವರ್ ಸೀಟು, ರಸ್ತೆ. ಕತ್ತರಿಸಿದರೆ ಬಸ್ಸೇ ತುಂಡಾಗುತ್ತದೆ. ಅದನ್ನು ಮೊಬೈಲ್ ಅಡ್ಡ ಹಿಡಿದೇ ನೋಡಬೇಕು.

ಕಪ್ಪು ಮಸಿ, ಮಂಗಳೂರು

ಇಷ್ಟು ವರ್ಷದಲ್ಲಿ ಅದನ್ನು ಗುರುತಿಸಿ ಹೇಳಿದವರು ನೀವೇ ಮೊದಲು. ಹೌದು, ಅದು ಒಂದೇ ಬಸ್ಸು. ಮೊದಲು ಇಡೀ ಬಸ್ಸನ್ನು ಉದ್ದಕ್ಕೆ ಬರೆದು, ಆಮೇಲೆ ಮೂರು ಗೆರೆ ಎಳೆದು ನಾಲ್ಕು ಚೌಕ ಮಾಡಿದ್ದು. ಕಿಟಕಿಯ ಸರಳು ಚೌಕದಿಂದ ಚೌಕಕ್ಕೆ ನೇರ ಹೋಗುತ್ತದೆ. ಉಳಿದವಕ್ಕೆ ನಿಮ್ಮ ಜೋಡಣೆ ಖುಷಿಯಿಂದ ಒಪ್ಪಿದೆ.

ಮೇಡಂ, ನೀವು ಹೇಳಿದ್ದೂ ಸರಿ. ಕ್ಯಾಂಟೀನಿನವರು ಈಗಲೂ ಸಿಗುತ್ತಾರೆ, ಕೇಳುತ್ತೇನೆ. ನಮ್ಮ ಬಸ್ಸಿನ ಕಂಡಕ್ಟರ್ ಈಗ ಎಲ್ಲಿದ್ದಾರೆ ಅಂತ ಮೂಲ್ಕಿಯ ಗೆಳೆಯನೊಬ್ಬ ವಿಚಾರಿಸುತ್ತಿದ್ದಾನೆ. ಮೇಷ್ಟ್ರುಗಳಿರುವ ಸ್ಟ್ರಿಪ್ ಬೇರೆ ಎತ್ತಿಟ್ಟಿದ್ದೇನೆ. ಒಪ್ಪಿಗೆ ಸಿಕ್ಕಿದವು ಮಾತ್ರ ಪುಸ್ತಕಕ್ಕೆ. ನಿಮ್ಮ ಮಕ್ಕಳಿಗೆ ಮೂಲ ಚಿತ್ರ ತೋರಿಸಲು ಯಾವಾಗ ಕರೆದರೂ ಬರುತ್ತೇನೆ.

ಈಗ ಉಳಿದದ್ದು ಸಿಗದೇ ಇರುವ ಸಂಚಿಕೆಗಳು. ಮತ್ತೆ ಸಿಕ್ಕಿದವನ್ನು ಉಳಿಸುವುದು ಹೇಗೆ ಅಂತ. ನ್ಯೂಸ್‌ಪ್ರಿಂಟ್ ಹಳದಿ ಆಗಿ, ಮಡಚಿದಲ್ಲಿ ಪುಡಿ ಆಗುತ್ತಾ ಬಂದಿದೆ.

ಹಳೇ ಪ್ರೆಸ್ಸಿನವ, ಉಡುಪಿ

ನ್ಯೂಸ್‌ಪ್ರಿಂಟ್ ಅಂದರೆ ಮರವನ್ನು ಅರೆದು ಮಾಡಿದ ಕಾಗದ. ಮರದ ಲಿಗ್ನಿನ್ ಅನ್ನುವ ಅಂಟು ಪದಾರ್ಥ ಅದರಲ್ಲೇ ಉಳಿಯುತ್ತದೆ. ಬೆಳಕು, ಗಾಳಿ ತಾಗಿದ ಹಾಗೆ ಹಳದಿ. ಹಳದಿ ಆದದ್ದನ್ನು ಬಿಳಿ ಮಾಡಲಿಕ್ಕೆ ಹೋಗಬೇಡಿ. ಲ್ಯಾಮಿನೇಶನ್ ಅಂತೂ ಮಾಡಲೇಬೇಡಿ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪೂ ಬೇಡ, ಅದರ ಅಂಟು ಕಂದು ಕಲೆ ಮಾಡುತ್ತದೆ. ಮಡಿಕೆ ಬಿಡಿಸಿ, ಆಸಿಡ್ ಇಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ, ನಮ್ಮ ಕಡೆಯ ಗೋಡೆ ನೀರು ಕುಡಿಯುತ್ತದೆ.

ಸ್ಕ್ಯಾನ್ ಮಾಡುವಾಗ ಬರೀ ಕಪ್ಪು ಬಿಳಿ ಅಂತ ಇಟ್ಟರೆ ಸಪೂರ ಗೆರೆ ಹಾರಿಹೋಗುತ್ತದೆ. ಬಣ್ಣದಲ್ಲೇ ಮಾಡಿ, ಸಣ್ಣ ಗೆರೆಯೂ ಬರುವ ಹಾಗೆ 600 ಡಿಪಿಐ ಇಡಿ, ಗುಣ ಕೆಡದ ಟಿಫ್ ಫೈಲ್ ಮಾಡಿ. ಆಮೇಲೆ ಅದರಿಂದ ಬೇಕಾದ ಹಾಗೆ ಪ್ರತಿ ಮಾಡಬಹುದು. ಮೂಲ ಸ್ಕ್ಯಾನನ್ನು ಮುಟ್ಟಬೇಡಿ. ಹಾಳೆಯ ಹಿಂದೆ ಅಚ್ಚಾದದ್ದು ಮುಂದೆ ಕಾಣುತ್ತಿದ್ದರೆ, ಸ್ಕ್ಯಾನರಿನಲ್ಲಿ ಹಾಳೆಯ ಬೆನ್ನಿಗೆ ಕಪ್ಪು ಕಾಗದ ಇಡಿ, ಕಡಿಮೆ ಆಗುತ್ತದೆ.

ಹಿಂದಿನ ಸೀಟು, ಮುಂಬಯಿ

ತಡವಾಗಿ ನೋಡಿದೆ. ಪಡುಬಿದ್ರಿಯವಳು ನಾನು, ಈಗ ಮುಂಬಯಿಯಲ್ಲಿದ್ದೇನೆ. ನನ್ನ ಹತ್ತಿರ ಆ ಪತ್ರಿಕೆಯ ಕೆಲವು ಸಂಚಿಕೆ ಉಂಟು. ಅಮ್ಮ ಹಳೇ ಟ್ರಂಕಿನ ಅಡಿಗೆ ಹಾಸಿದ್ದರು, ಹಾಗಾಗಿ ಉಳಿದವು.

ಒಂದರಲ್ಲಿ ಬ್ಯಾಗಿನ ಹುಡುಗಿಯ ಸ್ಟ್ರಿಪ್ ಉಂಟು. ಬಸ್ಸು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ತಲುಪುತ್ತದೆ. ಎಲ್ಲರೂ ಅವಳ ಮಡಿಲಿನಿಂದ ತಮ್ಮ ತಮ್ಮ ಬ್ಯಾಗು ತೆಗೆದುಕೊಂಡು ಇಳಿಯುತ್ತಾರೆ. ಕೊನೆಯ ಚೌಕದಲ್ಲಿ ಅವಳ ಮುಖ ಮೊದಲ ಸಲ ಪೂರ್ತಿ ಕಾಣುತ್ತದೆ. ಕಂಡಕ್ಟರ್ ಕೇಳುತ್ತಾರೆ, “ನೀವು ಯಾರು ಮಾರಾಯ್ರೆ? ನೋಡಿದ ಹಾಗೆ ಇಲ್ಲ!” ಇದು ನಿಮ್ಮ ಹತ್ತಿರ ಉಂಟಾ?

ಕಪ್ಪು ಮಸಿ, ಮಂಗಳೂರು

ಇಲ್ಲ! ನಾನು ಇಷ್ಟು ವರ್ಷ ಹುಡುಕಿದ್ದು ಅದನ್ನೇ. ಅದರ ಮೂಲ ಚಿತ್ರವೂ ಇಲ್ಲ, ಅಚ್ಚಾದ ಪ್ರತಿಯೂ ಇಲ್ಲ. ಅವಳ ಮುಖ ನಾನು ಹೇಗೆ ಬರೆದಿದ್ದೆ ಅಂತ ನನಗೇ ಸರಿಯಾಗಿ ನೆನಪಿಲ್ಲ.

ಅಕ್ಕ, ದಯವಿಟ್ಟು ಅದನ್ನು ಅಂಚೆಯಲ್ಲಿ ಕಳಿಸಬೇಡಿ, ಕಳೆದುಹೋದರೆ ಕಷ್ಟ. ಸದ್ಯ ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಜಾಗದಲ್ಲಿ, ಮೇಜಿನ ಮೇಲೆ ಚಪ್ಪಟೆ ಇಟ್ಟು ಮೇಲಿನಿಂದ ಒಂದು ಫೋಟೋ ತೆಗೆದು ಕಳಿಸಿ. ಫ್ಲ್ಯಾಶ್ ಹಾಕಬೇಡಿ. ನೀವು ಊರಿಗೆ ಬರುವಾಗ ಆ ಸಂಚಿಕೆಗಳನ್ನು ಎರಡು ರಟ್ಟಿನ ನಡುವೆ ಇಟ್ಟು ತನ್ನಿ. ಪಡುಬಿದ್ರಿಗೆ ನಾನೇ ಬರುತ್ತೇನೆ. ಪ್ರೆಸ್ಸಿನವರೇ, ಉಡುಪಿಯಿಂದ ಪಡುಬಿದ್ರಿ ದೂರ ಅಲ್ಲ, ನೀವೂ ಬರ್ತೀರಲ್ಲ?

ಹಳೇ ಪ್ರೆಸ್ಸಿನವ, ಉಡುಪಿ

ಬರ್ತೇನೆ. ಸ್ಕ್ಯಾನರ್ ನನ್ನದೇ ತರ್ತೇನೆ, ಕಪ್ಪು ಕಾಗದವೂ. ದಿನ ತಿಳಿಸಿ.